ಅತ್ತಿಗೆಯ ಬದಲು ನಾನು ಹೇಳಿದ ಕತೆ

ಕೊರೊನಾದ ಕಾಟ ಮುಗಿದು, ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ನೆಂಟರು ಮತ್ತೆ ಧಾರಾಳವಾಗಿ ಹೊರಟ ಮೊದಲ ಮಳೆಗಾಲ ಅದು. ಆಟಿ ತಿಂಗಳು. ಎರಡು ವರ್ಷ ಯಾರ ಮನೆಗೂ ಹೋಗದೆ ಕೂತವರಿಗೆಲ್ಲ ಮನೆಯಿಂದ ಹೊರಬೀಳಲು ಒಂದು ಕಾರಣ ಬೇಕಿತ್ತೋ ಏನೋ, ನನ್ನ ಅಣ್ಣ ಆ ಕಾರಣ ಒದಗಿಸಿದ.

ನಾನು ಪುತ್ತೂರಿನ ದರ್ಬೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಸಣ್ಣ ಅಂಗಡಿ ಇಟ್ಟುಕೊಂಡವಳು. ನನ್ನ ಅಂಗಡಿಯಲ್ಲಿ ಮೆಷಿನ್ ನಿಂತರೂ ಬಾಯಿ ನಿಲ್ಲುವುದಿಲ್ಲ ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಸುಳ್ಳಲ್ಲ. ರವಿಕೆಯ ಅಳತೆ ಕೊಡಲು ಬಂದವರು ಅರ್ಧ ಗಂಟೆ ಕೂತು ಹೋಗುವುದು ನನ್ನ ಮಾತಿಗೇ. ಅಣ್ಣ ಜನಾರ್ದನ ಕಡಬದ ಹತ್ತಿರ ಇರುವವನು, ಪಂಪು ರಿಪೇರಿ ಕೆಲಸ. ಎಲ್ಲಿ ಯಾರ ಪಂಪು ಕೆಟ್ಟರೂ ಬಾವಿಗೋ ನೀರು ಹರಿಯುವ ತೋಡಿಗೋ ಇಳಿದು ಎತ್ತಿ ತರುತ್ತಾನೆ. ಅವನ ಹೆಂಡತಿ ವಾರಿಜ ಅತ್ತಿಗೆ ಸುಳ್ಯದ ಕಡೆಯವರು. ಮಾತು ಕಡಿಮೆ, ಕೆಲಸ ಜಾಸ್ತಿ. ನನಗೆ ನೇರ ಉಲ್ಟಾ.

ಒಂದು ಶನಿವಾರ ಅಣ್ಣ ನೆರೆಯಲ್ಲಿ ಮುಳುಗಿದ ಒಂದು ಪಂಪು ಎತ್ತಲು ಕೆಸರಿನ ತೋಡಿಗೆ ಇಳಿದು ಬಂದಿದ್ದ. ಕೆಲವು ದಿನ ಕಳೆದು ಜ್ವರ ಬಂತು. ಮಳೆಯಲ್ಲಿ ನೆನೆದದ್ದಕ್ಕೆ ಎಂದು ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿ ಮಲಗಿದ. ಇದೆಲ್ಲ ನನಗೆ ಫೋನಿನಲ್ಲಿ ಗೊತ್ತಿತ್ತು. ಜ್ವರ ಅಂದರೆ ಜ್ವರ, ಬಿಡುತ್ತದೆ ಎಂದುಕೊಂಡಿದ್ದೆ. ಮುಂದಿನ ವಾರ, ಒಂದು ಗುರುವಾರ ಬೆಳಿಗ್ಗೆ ಅತ್ತಿಗೆಯ ಫೋನ್ ಬಂತು.

"ಲಲಿತಾ, ಅವರನ್ನು ಸುಳ್ಯಕ್ಕೆ ಕರ್ಕೊಂಡು ಹೋಗ್ತಾ ಇದ್ದೇವೆ. ಕಡಬದ ಡಾಕ್ಟ್ರು ನೋಡಿ ಕೂಡ್ಲೆ ಹೋಗಿ ಅಂದ್ರು. ನೀನು ಸೀದಾ ಅಲ್ಲಿಗೇ ಬಾ."

ಕತ್ತರಿಸಲು ಹಾಸಿದ ಬಟ್ಟೆಯನ್ನು ಹಾಗೆಯೇ ಮಡಚಿಟ್ಟು ಬಸ್ಸು ಹತ್ತಿದೆ. ಜಾಲ್ಸೂರು ದಾಟುವವರೆಗೆ ಪಕ್ಕದ ಸೀಟಿನವರೊಡನೆ ನಾನು ಒಂದು ಮಾತೂ ಆಡಲಿಲ್ಲ. ನನ್ನನ್ನು ಬಲ್ಲವರಿಗೆ ಇದರಿಂದಲೇ ನನ್ನ ಹೆದರಿಕೆ ಎಷ್ಟಿತ್ತು ಎಂದು ತಿಳಿಯುತ್ತದೆ.

ಅಣ್ಣನಿಗೆ ಇಲಿಜ್ವರ, ಆ ಕೆಸರು ನೀರಿನಿಂದಲೇ ಬಂದದ್ದು. ಮೈ, ಕಣ್ಣು ಎಲ್ಲ ಅರಸಿನ ಹಚ್ಚಿದ ಹಾಗೆ ಹಳದಿ. ಮೂತ್ರ ಕಟ್ಟಿಹೋಗಿತ್ತು. ಚಿಕ್ಕ ಪ್ರಾಯದ ಡಾಕ್ಟರು ನಮ್ಮನ್ನು ಕೂರಿಸಿ ನಿಧಾನವಾಗಿ ಹೇಳಿದರು. "ಲಿವರಿಗೂ ಕಿಡ್ನಿಗೂ ಪೆಟ್ಟು ಬಿದ್ದಿದೆ. ಡಯಾಲಿಸಿಸ್ ಶುರು ಮಾಡ್ತೇವೆ. ನಾಲ್ಕೈದು ದಿನ ಏನೂ ಖಂಡಿತ ಹೇಳ್ಲಿಕ್ಕೆ ಆಗುದಿಲ್ಲ." ಅತ್ತಿಗೆ ತಲೆ ಅಲ್ಲಾಡಿಸಿದರು, ಅಷ್ಟೇ. ಅಣ್ಣನನ್ನು ಐಸಿಯುಗೆ ಸೇರಿಸಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಬ್ಬರು ಮಾತ್ರ ಹೋಗಿ ನೋಡಬಹುದು. ಉಳಿದ ಹೊತ್ತು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಕೂರುವುದು.

ಮರುದಿನದಿಂದ ನೆಂಟರು ಶುರುವಾದರು. ಕಡಬದಿಂದ, ನೆಲ್ಯಾಡಿಯಿಂದ, ಪುತ್ತೂರಿನಿಂದ. ಬಾಯಿಗೆ ನೀರೂ ಹಾಕಬಾರದ ರೋಗಿಗೆ ಬ್ರೆಡ್ಡು, ಸೇಬು, ಮೂಸಂಬಿ, ಗೊಂಚಲುಗಟ್ಟಲೆ ಎಳನೀರಿನ ಬೊಂಡ. ಎರಡು ದಿನದಲ್ಲಿ ನಮ್ಮ ಕುರ್ಚಿಯ ಅಡಿ ಒಂದು ಹಣ್ಣಿನ ಅಂಗಡಿಯಾಯಿತು. ಅದು ಇರಲಿ, ಪ್ರೀತಿಯಿಂದ ತಂದದ್ದು. ಕಷ್ಟವಾದದ್ದು ಅವರ ಪ್ರಶ್ನೆ. ಬಂದವರು ಅತ್ತಿಗೆಯ ಪಕ್ಕ ಕೂತು ಕೈ ಹಿಡಿದುಕೊಂಡು, "ಎಂತ ಆದದ್ದು ವಾರಿಜ? ಮೊದ್ಲಿಂದ ಹೇಳು" ಎನ್ನುವರು. ಅತ್ತಿಗೆ ತೋಡಿಗೆ ಇಳಿದಲ್ಲಿಂದ ಶುರು ಮಾಡಬೇಕು. ಅವರು ಮುಗಿಸುವ ಹೊತ್ತಿಗೆ ಇನ್ನೊಬ್ಬರು ಮೆಟ್ಟಿಲು ಹತ್ತಿ ಬರುವರು. ಪುನಃ ತೋಡಿನಿಂದಲೇ.

ಕೇಳಿದವರು ಸುಮ್ಮನೆ ಹೋಗುತ್ತಿದ್ದರೆ ಅದೂ ಬೇರೆ. "ಸ್ವಲ್ಪ ಮೊದ್ಲೇ ಕರ್ಕೊಂಡು ಬರ್ಬೇಕಿತ್ತು" ಎಂದು ಒಂದು ಮಾತು. ಆಮೇಲೆ ಇದೇ ಕಾಯಿಲೆಯಲ್ಲಿ ತೀರಿಹೋದ ತಮ್ಮ ಕಡೆಯ ಯಾರದೋ ಒಂದು ಕತೆ. ಧೈರ್ಯ ಹೇಳಲು ಬಂದು ಹೆದರಿಸಿ ಹೋಗುವುದು ನಮ್ಮವರಿಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ಆಗ ನೋಡಿದೆ. ಅತ್ತಿಗೆ ಸೆರಗಿನ ತುದಿಯನ್ನು ಬೆರಳಲ್ಲಿ ನಿರಿಗೆ ಮಾಡುತ್ತಾ, ಬಿಡಿಸುತ್ತಾ ಕೂತಿರುತ್ತಿದ್ದರು. ಹೊಸ ಸೀರೆಯ ಅಂಚು ಎರಡೇ ದಿನದಲ್ಲಿ ನುಲಿದುಹೋಗಿತ್ತು. ಊಟಕ್ಕೆ ಕರೆದರೆ "ಹಸಿವಿಲ್ಲ, ನೀನು ಹೋಗಿ ಬಾ" ಎನ್ನುವರು. ಚಹಾದಲ್ಲೇ ದಿನ ಕಳೆಯುತ್ತಿತ್ತು.

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಇನ್ನು ನೀವು ಯಾರಿಗೂ ಎಂತದ್ದೂ ಹೇಳ್ಬೇಡಿ. ಹೇಳುವ ಕೆಲಸ ನಂಗೆ ಬಿಡಿ" ಅಂದೆ. ಅವರು ನನ್ನ ಮುಖ ನೋಡಿ, ಆಗಲಿ ಎಂಬಂತೆ ಕಣ್ಣು ಮುಚ್ಚಿದರು.

ನಾನು ಕೆಳಗಿನ ಮಹಡಿಯಲ್ಲಿ ಲಿಫ್ಟಿನ ಎದುರು ಒಂದು ಬೆಂಚು ಹಿಡಿದೆ. ನಮ್ಮ ಕಡೆಯವರು ಯಾರೇ ಬರಲಿ, ಮೇಲೆ ಹೋಗುವ ಮೊದಲು ನನ್ನ ಕೈಗೆ ಸಿಗಬೇಕು. ಹತ್ತಿರದವರಿಗೆ ಉದ್ದದ ಕತೆ, ದೂರದವರಿಗೆ ಗಿಡ್ಡದ್ದು. ಹೆದರುಪುಕ್ಕರಿಗೆ ಡಯಾಲಿಸಿಸ್ ಬಿಟ್ಟು ಹೇಳಿದೆ. ಎಲ್ಲ ತಿಳಿದವರಂತೆ ಮಾತಾಡುವವರಿಗೆ ಡಾಕ್ಟರು ಹೇಳಿದ ಇಂಗ್ಲಿಷ್ ಹೆಸರುಗಳನ್ನೆಲ್ಲ ಸೇರಿಸಿ ಹೇಳಿದೆ. ಕೊನೆಗೆ, "ಮೇಲೆ ಹೋಗಿ ಅತ್ತಿಗೆಯ ಹತ್ರ ಕೂತ್ಕೊಳ್ಳಿ, ಆದ್ರೆ ಎಂತದ್ದೂ ಕೇಳ್ಬೇಡಿ ಮಾರಾಯ್ರೆ" ಎಂದು ಕೈ ಮುಗಿಯುತ್ತಿದ್ದೆ. ನಿಜವಾಗಿ ಹೇಳುತ್ತೇನೆ, ನನ್ನ ಬಾಯಿಯಿಂದ ಮನೆಗೆ ಒಂದು ಉಪಕಾರವಾಯಿತು ಎಂದು ನನಗೆ ಬಹಳ ಹೆಮ್ಮೆಯಾಗಿತ್ತು.

ಆದರೆ ಕತೆಯಲ್ಲಿ ನಾನು ಒಂದನ್ನು ಬಿಟ್ಟು ಹೇಳುತ್ತಿದ್ದೆ. ಅತ್ತಿಗೆಯ ತವರು ಕಾಮಾಲೆಗೆ ಮದ್ದು ಕೊಡುವ ಮನೆ. ಅವರ ಅಮ್ಮ ವಾರದಲ್ಲಿ ಎರಡು ದಿನ ಬೆಳಿಗ್ಗೆ ಸೊಪ್ಪು ಅರೆದು ಹಾಲಿನಲ್ಲಿ ಕದಡಿ ಕೊಡುತ್ತಾರೆ, ಪಥ್ಯ ಹೇಳುತ್ತಾರೆ, ಯಾರಿಂದಲೂ ಏನನ್ನೂ ತೆಗೆದುಕೊಳ್ಳುವುದಿಲ್ಲ. ಅಣ್ಣನ ಕಣ್ಣು ಹಳದಿಯಾದದ್ದು ಮಂಗಳವಾರ. ಅತ್ತಿಗೆ ಮಂಗಳವಾರವೂ ಬುಧವಾರವೂ ತಾವೇ ಆ ಮದ್ದು ಅರೆದು ಅವನಿಗೆ ಕೊಟ್ಟಿದ್ದರು; ನೆಂಟರ ಹತ್ತಿರ ಅದನ್ನು ಬಾಯಿ ಬಿಟ್ಟಿರಲಿಲ್ಲ, ನನಗೆ ಮಾತ್ರ ಹೇಳಿದ್ದರು. ಇದು ನಮ್ಮವರಿಗೆ ಗೊತ್ತಾದರೆ ಅತ್ತಿಗೆಯನ್ನು ಹುರಿದು ತಿನ್ನುತ್ತಾರೆ ಎಂದು ನಾನು ಆ ಎರಡು ದಿನದ ಮದ್ದನ್ನು ಕತೆಯಿಂದ ಕತ್ತರಿಸಿ ತೆಗೆದಿದ್ದೆ.

ಆ ಕತ್ತರಿ ಪ್ರಯೋಗ ನೆಲ್ಯಾಡಿಯ ಚಿಕ್ಕಪ್ಪನ ಹತ್ತಿರ ನಡೆಯಲಿಲ್ಲ. ಅವರು ರಬ್ಬರ್ ತೋಟ ಮಾಡಿಕೊಂಡಿರುವ ಶಿಸ್ತಿನ ಮನುಷ್ಯ. ಕತೆ ಕೇಳಿ ಬೆರಳು ಮಡಚಿ ಲೆಕ್ಕ ಹಾಕಿದರು.

"ಕಣ್ಣು ಹಳದಿ ಆದದ್ದು ಮಂಗಳವಾರ. ಆಸ್ಪತ್ರೆಗೆ ತಂದದ್ದು ಗುರುವಾರ. ನಡುವೆ ಎರಡು ದಿನ ಎಂತ ಮಾಡಿದ್ದು? ಆ ವಾರಿಜ ಅವಳ ಅಮ್ಮನ ಸೊಪ್ಪು ಕುಡಿಸಿದ್ಳಾ?"

"ಇಲ್ಲ ಚಿಕ್ಕಪ್ಪ, ಅತ್ತಿಗೆ ಆಸ್ಪತ್ರೆಗೆ ಹೋಗುವ ಅಂತಲೇ ಹೇಳಿದ್ದು. ನಾನೇ ಫೋನಿನಲ್ಲಿ, ಎರಡು ದಿನ ನಾಟಿ ಮದ್ದು ಮಾಡಿ ನೋಡಿ ಅಂದೆ" ಎಂದುಬಿಟ್ಟೆ.

ಚಿಕ್ಕಪ್ಪ ಅಲ್ಲಿಯೇ, ಲಿಫ್ಟಿಗೆ ಕಾಯುವವರೆಲ್ಲರ ಎದುರು ನನಗೆ ಬೈದರು. "ನಿಂಗೆ ಬುದ್ಧಿ ಉಂಟಾ? ಅಣ್ಣನ ಜೀವದಲ್ಲಿ ಆಟ ಆಡುದಾ? ಬಾಯಿ ಒಂದು ಇದ್ರೆ ಸಾಕಾ?" ನಾನು ತಲೆ ತಗ್ಗಿಸಿ ನಿಂತೆ. ಕಣ್ಣಲ್ಲಿ ನೀರು ಬಂತು, ಒಳಗೊಳಗೆ ಹಿತವೂ ಆಯಿತು. ಅತ್ತಿಗೆಗೆ ಬೀಳಬೇಕಾದ ಪೆಟ್ಟನ್ನು ನಾನು ತಿಂದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಈ ಸುದ್ದಿ ಮೇಲೆ ತಲುಪದೆ ಇರುತ್ತದೆ ಎಂದುಕೊಂಡದ್ದು ನನ್ನ ದಡ್ಡತನ. ಚಿಕ್ಕಪ್ಪ ಮೇಲೆ ಹೋಗಿ ಅತ್ತಿಗೆಯನ್ನು ಸಮಾಧಾನ ಮಾಡಿದ್ದೇ ಅದನ್ನು ಹೇಳಿ. "ನೀನು ಬೇಜಾರು ಮಾಡ್ಬೇಡ ಮಗಾ, ಆ ಲಲಿತನ ಮಾತು ಕೇಳಿ ಹೀಗಾದದ್ದು. ನಿನ್ನದು ತಪ್ಪಿಲ್ಲ."

ಚಿಕ್ಕಪ್ಪ ಹೊರಟುಹೋದ ಮೇಲೆ ಅತ್ತಿಗೆ ಕೆಳಗೆ ಬಂದರು. ಲಿಫ್ಟಿನಲ್ಲಿ ಅಲ್ಲ, ಮೆಟ್ಟಿಲು ಇಳಿದು, ದಡದಡನೆ. ಮದುವೆಯಾಗಿ ಬಂದಂದಿನಿಂದ ಅವರ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಕಂಡಿರಲಿಲ್ಲ. ಉಪಕಾರ ಮಾಡಿದವಳನ್ನು ಅಪ್ಪಿಕೊಳ್ಳುತ್ತಾರೆ ಎಂದು ಎದ್ದು ನಿಂತಿದ್ದೆ.

"ನನ್ನ ತಪ್ಪನ್ನು ನಿಂಗೆ ಕೊಟ್ಟದ್ದು ಯಾರು?" ಅಂದರು.

"ಅದು ಹಾಗಲ್ಲ ಅತ್ತಿಗೆ, ಅವರು ನಿಮಗೆ ಬೈತಾರೆ ಅಂತ..."

"ಬೈಲಿ. ಬೈದ್ರೆ ಕೇಳ್ತೇನೆ. ನೀನು ಅದನ್ನೂ ಕಿತ್ಕೊಂಡ್ರೆ ನಾನು ಎಂತ ಮಾಡ್ಬೇಕು?" "ಎಲ್ಲರಿಗೂ ನೀನೇ ಹೇಳಿದ್ದು ಸಾಕು. ಈಗ ನಾನು ಹೇಳ್ತೇನೆ, ನೀನು ಕೇಳು. ನಡುವಿಂದ ಬಾಯಿ ಹಾಕ್ಬಾರ್ದು."

ಆಸ್ಪತ್ರೆಯ ಹಿಂಬದಿಯಲ್ಲಿ ಕ್ಯಾಂಟೀನಿಗೆ ಹೋಗುವ ದಾರಿಯಲ್ಲಿ ಶೀಟು ಹಾಕಿದ ಒಂದು ಜಗಲಿ ಉಂಟು. ಅಲ್ಲಿ ಕೂತೆವು. ನಮ್ಮ ಮನೆಯಲ್ಲಿ ಅತ್ತಿಗೆ ತುಳುವಿನಲ್ಲಿ ಮಾತಾಡುವವರು. ಆ ದಿನ ಒಂದೆರಡು ಮಾತು ತುಳುವಿನಲ್ಲಿ ಆಡಿ, ತಮಗೇ ತಿಳಿಯದ ಹಾಗೆ ತಮ್ಮ ತವರಿನ ಅರೆಭಾಷೆಗೆ ತಿರುಗಿದರು. ನನಗೆ ಎಲ್ಲ ಅರ್ಥವಾಯಿತು.

ಅವರ ಅಮ್ಮ ಮದ್ದಿಗೆ ಬಂದವರನ್ನು ಮೊದಲು ಕೇಳುವುದು ಜ್ವರ ಉಂಟಾ ಎಂದಂತೆ. ಜ್ವರ ಇದ್ದರೆ ಮದ್ದು ಕೊಡುವುದೇ ಇಲ್ಲ, ಡಾಕ್ಟರ ಹತ್ತಿರ ಕಳಿಸುತ್ತಾರಂತೆ. ಅತ್ತಿಗೆ ಸಣ್ಣದಿರುವಾಗಿನಿಂದ ಅದನ್ನು ಕೇಳಿ ಬೆಳೆದವರು. ಅಣ್ಣನಿಗೆ ಜ್ವರ ಇತ್ತು. ಆದರೂ ಅಮ್ಮನಿಗೆ ಒಂದು ಫೋನ್ ಕೂಡ ಮಾಡದೆ ತಾವೇ ಅರೆದು ಕೊಟ್ಟರು.

"ಯಾಕೆ ಗೊತ್ತುಂಟಾ? ನಾನು ಈ ಮನೆಗೆ ಬಂದಲ್ಲಿಂದ ನನ್ನ ತವರಿನ ಮದ್ದನ್ನು ನೀವೆಲ್ಲ ತಮಾಷೆ ಮಾಡಿದ್ದೇ. ನನ್ನ ಅಮ್ಮನಿಗೆ ಸೊಪ್ಪಿನ ಡಾಕ್ಟ್ರು ಅಂತ ಹೆಸರಿಟ್ಟದ್ದು ನೀನು. ಒಂದು ಸಲ ಇವರು ನನ್ನ ಕೈಯ ಮದ್ದಿನಲ್ಲಿ ಎದ್ದು ಕೂತ್ರೆ ನಿಮ್ಮೆಲ್ಲರ ಬಾಯಿ ಮುಚ್ತದೆ ಅಂತ ಆಸೆ ಆಯ್ತು. ಬುಧವಾರ ಸಂಜೆ ಇವರಿಗೆ ಮೂತ್ರ ಬರುದಿಲ್ಲ ಅಂತ ಗೊತ್ತಾಯ್ತು. ಆಗ್ಲೇ ಹೊರಡ್ಬೇಕಿತ್ತು. ನಾಳೆ ಬೆಳಿಗ್ಗೆವರೆಗೆ ನೋಡುವ ಅಂತ ಕೂತೆ. ಹಟಕ್ಕೆ ಕೂತದ್ದು ಲಲಿತಾ. ಇವರ ಜೀವಕ್ಕಿಂತ ನನ್ನ ಹಟ ದೊಡ್ಡದಾಯ್ತು."

ನನ್ನ ನಾಲಿಗೆಯ ತುದಿಗೆ ಹತ್ತು ಸಮಾಧಾನದ ಮಾತು ಬಂದು ನಿಂತಿದ್ದವು. ಹಾಗೆ ಹೇಳ್ಬೇಡಿ, ನಿಮ್ಮದು ತಪ್ಪಿಲ್ಲ, ಎಲ್ಲ ಸರಿಯಾಗ್ತದೆ. ಒಂದನ್ನೂ ಆಡಲಿಲ್ಲ. ಸೊಪ್ಪಿನ ಡಾಕ್ಟರು ಎಂದು ಹೆಸರಿಟ್ಟು ಇಡೀ ಮನೆಯನ್ನು ನಗಿಸಿದವಳು ನಾನೇ, ನನಗೆ ಅದು ಮರೆತೇಹೋಗಿತ್ತು. ಅವರಿಗೆ ಮರೆತಿರಲಿಲ್ಲ.

"ಇದನ್ನು ನಾನು ಅವರಿಗೇ ಹೇಳ್ಬೇಕು" ಎಂದರು ಅತ್ತಿಗೆ. "ಅವರ ಎದುರು ಕೂತು ಹೇಳ್ಬೇಕು. ಅದಕ್ಕೆ ಮೊದ್ಲೇ ಅವರು ಹೋಗಿಬಿಟ್ರೆ?"

ಆಮೇಲೆ ಅತ್ತರು. ಆಸ್ಪತ್ರೆಗೆ ಬಂದ ಮೇಲೆ ಅವರು ಅತ್ತದ್ದು ಅದೇ ಮೊದಲು. ನಾನು ಅವರ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೂತೆ. "ನಾನು ಹಾಗೆ ಹೆಸರಿಡ್ಬಾರ್ದಿತ್ತು ಅತ್ತಿಗೆ" ಎಂದು ಒಂದೇ ಮಾತು ಹೇಳಿದೆ, ಅದೂ ಅವರ ಅಳು ನಿಂತ ಮೇಲೆ. ಅವರು "ಹೂಂ" ಅಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಇಲ್ಲಿ ಗಂಜಿ ಸಿಗ್ತದಾ?" ಎಂದು ಕೇಳಿದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕ್ಯಾಂಟೀನಿನಲ್ಲಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಮಾವಿನ ಉಪ್ಪಿನಕಾಯಿ. ಅತ್ತಿಗೆ ಎರಡು ಸಲ ಬಡಿಸಿಕೊಂಡರು. ನಾನು ಮೂರು ಸಲ.

ಈ ವಿಷಯ ಮೊದಲು ಗಂಡನಿಗೆ, ಆಮೇಲೆ ಊರಿಗೆ ಎಂದು ಅತ್ತಿಗೆ ಕಟ್ಟುನಿಟ್ಟು ಮಾಡಿದರು. ನಾನು ಲಿಫ್ಟಿನ ಎದುರಿನ ಬೆಂಚು ಬಿಟ್ಟು ಅತ್ತಿಗೆಯ ಪಕ್ಕದ ಕುರ್ಚಿಗೆ ಬಂದೆ. ಯಾರಾದರೂ ಕೇಳಿದರೆ "ಇಲಿಜ್ವರ, ಚಿಕಿತ್ಸೆ ನಡೀತಾ ಉಂಟು" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. "ಲಲಿತನಿಗೆ ಎಂತ ಆಗಿದೆ, ಅವಳನ್ನೂ ಒಮ್ಮೆ ಡಾಕ್ಟ್ರಿಗೆ ತೋರಿಸಿ" ಎಂದು ನೆಂಟರು ಮಾತಾಡಿಕೊಂಡರಂತೆ. ಆದರೆ ಅತ್ತಿಗೆ ಮತ್ತು ನಾನು ಅಕ್ಕಪಕ್ಕ ಕೂತು ಏನೂ ಮಾತಾಡದೆ ಕಳೆದ ಆ ದಿನಗಳಲ್ಲಿ ನಾವಿಬ್ಬರೂ ಹತ್ತಿರವಾದಷ್ಟು ಅದುವರೆಗೆ ಎಂದೂ ಆಗಿರಲಿಲ್ಲ. ಮಧ್ಯಾಹ್ನ ಒಂದು ಸೇಬು ಕೊಯ್ದು ಅರ್ಧರ್ಧ ತಿನ್ನುತ್ತಿದ್ದೆವು. ಹಣ್ಣಿಗೆ ಕೊರತೆ ಇರಲಿಲ್ಲವಲ್ಲ.

ನಾಲ್ಕು ಸಲ ಡಯಾಲಿಸಿಸ್ ಆಯಿತು. ಒಂದು ಸಲ ಬಿಪಿ ಇಳಿದು ಅಣ್ಣನ ಸ್ಥಿತಿ ಬಹಳ ಬಿಗಡಾಯಿಸಿತು. ಡಾಕ್ಟರು ಬಾಗಿಲಿಗೆ ಬಂದು ಅತ್ತಿಗೆಯನ್ನು ಒಳಗೆ ಕರೆದಾಗ ನಾನು ಮುಗಿಯಿತು ಎಂದೇ ತಿಳಿದೆ. ಹೇಗೋ ದಾಟಿದ. ಏಳನೆಯ ದಿನ ಬೆಳಿಗ್ಗೆ ನರ್ಸ್ ನಗುತ್ತಾ ಹೊರಗೆ ಬಂದು, "ಅಮ್ಮಾ, ಮೂತ್ರ ಬರ್ಲಿಕ್ಕೆ ಶುರು ಆಯ್ತು, ಒಳ್ಳೆದಾಗಿ ಬರ್ತಾ ಉಂಟು" ಅಂದರು. ನಾನು ಆ ನರ್ಸನ್ನು ಹಿಡಿದು ಮುದ್ದಾಡಿಯೇ ಬಿಟ್ಟೆ. ಅತ್ತಿಗೆ ತವರಿಗೆ ಫೋನ್ ಮಾಡಿದರು, ನಾನು ನನ್ನ ಗಂಡನಿಗೆ ಮಾಡಿದೆ, ಅವರು ಉಳಿದವರಿಗೆಲ್ಲ ಮಾಡಿದರು. ಒಬ್ಬನ ಮೂತ್ರದ ಸುದ್ದಿ ಮೂರು ತಾಲೂಕಿನಲ್ಲಿ ಹಬ್ಬಿ ಇಷ್ಟು ಜನ ಸಂಭ್ರಮಪಟ್ಟದ್ದು ಬೇರೆ ಎಲ್ಲಿಯೂ ಇರಲಿಕ್ಕಿಲ್ಲ.

ಹತ್ತನೆಯ ದಿನ ಅಣ್ಣನನ್ನು ಐಸಿಯುನಿಂದ ಒಂದು ಕೋಣೆಗೆ ತಂದರು. ಗಡ್ಡ ಬೆಳೆದು, ಕೆನ್ನೆ ಒಳಗೆ ಹೋಗಿ, ಧ್ವನಿ ಸಣ್ಣಗಾಗಿತ್ತು. ನನ್ನನ್ನು ನೋಡಿ, "ಅಂಗಡಿ ಮುಚ್ಚಿ ಬಂದದ್ದಾ? ಪುತ್ತೂರು ಈಗ ಶಾಂತ ಉಂಟೇನೋ" ಅಂದ. ಅಣ್ಣ ಬದುಕಿದ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಆಗ.

ಅದರ ಮರುದಿನ ಬೆಳಿಗ್ಗೆ ಅವನು ಸ್ವಲ್ಪ ಒರಗಿ ಕೂತು ಗಂಜಿನೀರು ಕುಡಿದ. ಅತ್ತಿಗೆ ಲೋಟ ತೊಳೆದಿಟ್ಟು ನನ್ನ ಹತ್ತಿರ ಬಂದು, "ಇವತ್ತು ಹೇಳ್ತೇನೆ" ಅಂದರು. "ಯಾರೂ ಒಳಗೆ ಬಾರದ ಹಾಗೆ ನೋಡ್ಕೊಳ್ತೀಯಾ?"

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಆ ದಿನ ಭಾನುವಾರ. ಕೋಣೆಗೆ ತಂದ ಸುದ್ದಿ ಕೇಳಿ ಎಲ್ಲರೂ ಹೊರಟಿದ್ದರು. ಐದು ನಿಮಿಷದಲ್ಲಿ ನೆಲ್ಯಾಡಿಯ ಚಿಕ್ಕಪ್ಪನೇ ಮುಂದಾಳಾಗಿ ಏಳೆಂಟು ಜನ ಬಂದರು. ಚಿಕ್ಕಪ್ಪನ ಕೈಯಲ್ಲಿ ಬೊಂಡದ ಗೊಂಚಲು.

"ದಾರಿ ಬಿಡು, ನೋಡುವ ಅವನನ್ನು."

"ಒಳಗೆ ಮೈ ಒರೆಸ್ತಾ ಇದ್ದಾರೆ ಚಿಕ್ಕಪ್ಪ, ಸ್ವಲ್ಪ ಹೊತ್ತು" ಅಂದೆ. ಆಮೇಲೆ ಶುರು ಮಾಡಿದೆ ನೋಡಿ. ಬೆಂಚು ಬಿಟ್ಟ ಮೇಲೆ ಕಟ್ಟಿಟ್ಟ ಮಾತೆಲ್ಲ ಹೊರಗೆ ಬಂತು. ಚಿಕ್ಕಪ್ಪನ ರಬ್ಬರ್ ಮರಗಳಿಗೆ ಮಳೆಗಾಲದ ಪ್ಲಾಸ್ಟಿಕ್ ಕಟ್ಟಿ ಆಯಿತಾ, ಚಿಕ್ಕಮ್ಮನ ಮೊಣಕಾಲು ನೋವು ಹೇಗಿದೆ, ಅವರ ಮಗಳ ಮದುವೆಗೆ ರವಿಕೆಯ ತೋಳು ಎಷ್ಟು ಉದ್ದ ಇಡಬೇಕು. ಯಾರ ಕಣ್ಣೂ ಬಾಗಿಲ ಕಡೆ ಹೋಗದ ಹಾಗೆ ಒಬ್ಬೊಬ್ಬರನ್ನೇ ಹಿಡಿದು ಮಾತಾಡಿಸಿದೆ. ನರ್ಸ್ ಬಂದು ಗಲಾಟೆ ಮಾಡಬೇಡಿ ಎಂದು ಗದರಿದರು. ಧ್ವನಿ ತಗ್ಗಿಸಿ ಮುಂದುವರಿಸಿದೆ. ಬಾಗಿಲ ಹಿಂದೆ ಅತ್ತಿಗೆಯ ಧ್ವನಿ ಒಂದೇ ಸಮ ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ಧ್ವನಿ ಮಾತ್ರ. ನಡುವೆ ಒಮ್ಮೆ ಬಹಳ ಹೊತ್ತು ಏನೂ ಇಲ್ಲ. ನಾನು ಮಾತಾಡುತ್ತಾ ಇದ್ದೆ. ಆಮೇಲೆ ಅಣ್ಣನ ಧ್ವನಿ, ನಿಧಾನ, ತಡೆದು ತಡೆದು.

ಅರ್ಧ ಗಂಟೆಯೇ ಆಗಿರಬೇಕು. ಒಳಗಿಂದ ಸದ್ದೇ ಇಲ್ಲ. ನನಗೆ ಹೆದರಿಕೆಯಾಯಿತು. ಸಿಟ್ಟು ಮಾಡಿಕೊಂಡನೋ, ಮೈ ಕೆಟ್ಟಿತೋ. ಬಾಗಿಲನ್ನು ಸ್ವಲ್ಪವೇ ದೂಡಿ ತಲೆ ಒಳಗೆ ಹಾಕಿದೆ.

ಅತ್ತಿಗೆ ಸ್ಟೂಲಿನಲ್ಲಿ ಕೂತಲ್ಲೇ ಮಂಚದ ಅಂಚಿಗೆ ತಲೆ ಇಟ್ಟು ಗಾಢವಾಗಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣಗೆ ಗೊರಕೆ ಬೇರೆ. ಹನ್ನೊಂದು ದಿನ ಅವರು ಹಾಗೆ ಮಲಗಿದ್ದನ್ನು ನಾನು ನೋಡಿರಲಿಲ್ಲ. ಸೂಜಿ ಚುಚ್ಚಿ ಪ್ಲಾಸ್ಟರ್ ಸುತ್ತಿದ ಅಣ್ಣನ ಕೈ ಅವರ ತಲೆಯ ಮೇಲಿತ್ತು. ಅಣ್ಣನ ಕಣ್ಣು ಒದ್ದೆಯಾಗಿತ್ತು. ನಾನು ಏನೋ ಕೇಳಲು ಹೊರಟೆ. ಅವನು ಇನ್ನೊಂದು ಕೈಯ ಬೆರಳನ್ನು ತುಟಿಯ ಮೇಲಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡಿದ.

ಬಾಗಿಲು ಮೆಲ್ಲಗೆ ಎಳೆದುಕೊಂಡೆ.

"ಎಂತ?" ಎಂದರು ಚಿಕ್ಕಪ್ಪ.

"ಮಲಗಿದ್ದಾರೆ."

"ಜನಾರ್ದನನಾ?"

"ಅಲ್ಲ, ಅತ್ತಿಗೆ."

ಚಿಕ್ಕಪ್ಪ ನನ್ನ ಮುಖ ನೋಡಿದರು. ಬೊಂಡದ ಗೊಂಚಲನ್ನು ಗೋಡೆಗೆ ಒರಗಿಸಿಟ್ಟು, "ಬನ್ನಿ, ಕೆಳಗೆ ಹೋಗಿ ಚಹಾ ಕುಡಿದು ಬರುವ. ಆ ಹೆಂಗಸು ಮಲಗ್ಲಿ" ಎಂದು ಎಲ್ಲರನ್ನೂ ಕರೆದುಕೊಂಡು ಹೋದರು.

ನಾಟಿ ಮದ್ದಿನ ವಿಷಯವನ್ನು ಅತ್ತಿಗೆ ಆಮೇಲೆ ಚಿಕ್ಕಪ್ಪನಿಗೂ ತಾವೇ ಹೇಳಿದರು. "ಹಾಗಾದ್ರೆ ನಾನು ಲಲಿತನಿಗೆ ಬೈದದ್ದು?" ಎಂದು ಅವರಿಗೆ ಪೇಚಾಟವಾಯಿತು. "ಬೈದದ್ದು ಇರ್ಲಿ ಚಿಕ್ಕಪ್ಪ, ನನ್ನ ಬೇರೆ ಯಾವ ತಪ್ಪಿಗಾದ್ರೂ ಆಗ್ತದೆ" ಎಂದೆ. ಅಣ್ಣ ಈಗ ಗುಣವಾಗಿ ಪುನಃ ಪಂಪಿನ ಕೆಲಸದಲ್ಲಿದ್ದಾನೆ. ಮೊಣಕಾಲುವರೆಗಿನ ಬೂಟು ಹಾಕದೆ ತೋಡಿಗೆ ಇಳಿಯಲು ಅತ್ತಿಗೆ ಬಿಡುವುದಿಲ್ಲ.

ನಮ್ಮವರು ಯಾರಾದರೂ ಆಸ್ಪತ್ರೆಯಲ್ಲಿದ್ದಾರೆ ಎಂದರೆ ಈಗಲೂ ನಾನು ಹೋಗುತ್ತೇನೆ. ಹೊರಗೆ ಕೂತವರ ಪಕ್ಕ ಕೂರುತ್ತೇನೆ. ಎಂತ ಆಯಿತು ಎಂದು ಕೇಳುವುದಿಲ್ಲ. ಅವರಾಗಿ ಹೇಳಿದರೆ ನಡುವೆ ಬಾಯಿ ಹಾಕುವುದಿಲ್ಲ. ಇದು ನನಗೆ ಸುಲಭ ಎಂದು ಯಾರೂ ತಿಳಿಯಬೇಡಿ.

ಆ ಭಾನುವಾರ ಬಾಗಿಲ ಹಿಂದೆ ಅಣ್ಣ ಅತ್ತಿಗೆಗೆ ಎಂತ ಹೇಳಿದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಎಷ್ಟೋ ಸಲ ನಾಲಿಗೆ ತುರಿಸಿದೆ. ಆದರೂ ಕೇಳಿಲ್ಲ. ಅಷ್ಟು ಮಾತು ಅವರಿಬ್ಬರದೇ ಆಗಿರಲಿ ಎಂದು ಬಿಟ್ಟುಬಿಟ್ಟಿದ್ದೇನೆ, ಹಾಗೆ ಬಿಡಲು ನನ್ನಿಂದಲೂ ಆಯಿತಲ್ಲ ಎಂದು ನೆನೆದಾಗಲೆಲ್ಲ ಮನಸ್ಸು ತುಂಬಿಬರುತ್ತದೆ.